308 ಹಾಕಿ ಎರಡು ಸಲ ಬಿರುಕು ಬಿಡಿಸಿಕೊಂಡೆ

ಟಿಗ್ ವೆಲ್ಡಿಂಗ್ ಕಲಿತ ಹೊಸತರಲ್ಲಿ ನನ್ನ ಹತ್ತಿರ ಇದ್ದದ್ದು ಒಂದೇ ಫಿಲ್ಲರ್ (ಜಾಯಿಂಟಿಗೆ ಕರಗಿಸಿ ತುಂಬುವ ರಾಡ್), 308ಎಲ್. 304 ಸ್ಟೇನ್‌ಲೆಸ್ ಶೀಟಿಗೂ ಅದೇ, ಪೈಪಿಗೂ ಅದೇ. ಕೆಲಸ ಚೆನ್ನಾಗೇ ನಡೀತಿತ್ತು, ಹಾಗಾಗಿ ಬೇರೆ ರಾಡ್ ಬಗ್ಗೆ ಯೋಚಿಸಿರಲೇ ಇಲ್ಲ.

ಒಂದಿನ 6 ಮಿಮೀ 304 ಪ್ಲೇಟನ್ನು ಮೈಲ್ಡ್ ಸ್ಟೀಲ್ (ಮಾಮೂಲಿ ಕಬ್ಬಿಣ) ಫ್ರೇಮಿಗೆ ಕೂರಿಸಬೇಕಾಯ್ತು. ಕೈಗೆ ಸಿಕ್ಕ 308ಎಲ್‌ನಲ್ಲೇ ಹೊಡೆದೆ. ಬೀಡ್, ಅಂದರೆ ವೆಲ್ಡಿನ ಗೆರೆ, ನೋಡೋಕೆ ಚೆನ್ನಾಗಿತ್ತು. ತಣ್ಣಗಾಗುವಾಗ 'ಟಿಕ್' ಅಂದಿತು. ಬಗ್ಗಿ ನೋಡಿದರೆ ಬೀಡಿನ ನಡುವೆ ಉದ್ದಕ್ಕೂ ಕೂದಲೆಳೆಯಷ್ಟು ಬಿರುಕು. ಗ್ರೈಂಡ್ ಮಾಡಿ ಮತ್ತೆ ಅದೇ ರಾಡಿನಲ್ಲಿ ಹೊಡೆದೆ. ಮತ್ತೆ ಬಿರುಕು.

ಜೊತೆಗಿದ್ದ ಹಿರಿಯ ವೆಲ್ಡರ್ ನೋಡಿ ನಕ್ಕರು. "ಕಬ್ಬಿಣ ಕರಗಿ ಬೀಡಿಗೆ ಸೇರ್ಕೊಂಡಿದೆ ಕಣಯ್ಯಾ. ಅದನ್ನ ತಾಳೋ ಶಕ್ತಿ 308ಕ್ಕಿಲ್ಲ. 309 ತಗೊಂಡು ಬಾ."

308ಎಲ್‌ನಲ್ಲಿ ಕ್ರೋಮಿಯಂ ಸುಮಾರು ಶೇ. 20, ನಿಕ್ಕಲ್ 10. ಮೈಲ್ಡ್ ಸ್ಟೀಲ್ ಬೆರೆತರೆ ಎರಡೂ ತೆಳುವಾಗಿ, ಬೀಡಿನಲ್ಲಿ ಮಾರ್ಟೆನ್ಸೈಟ್ ಅನ್ನೋ ಉಕ್ಕಿನ ರೂಪ ಹುಟ್ಟುತ್ತದೆ. ಅದು ಗಟ್ಟಿ, ಆದರೆ ಪೆಡಸು. 309ಎಲ್‌ನಲ್ಲಿ ಕ್ರೋಮಿಯಂ 23ರಿಂದ 25, ನಿಕ್ಕಲ್ 12ರಿಂದ 14. ಸ್ವಲ್ಪ ಕಬ್ಬಿಣ ಬೆರೆತರೂ ತಡ್ಕೊಳ್ಳುತ್ತದೆ. ಮೂರನೇ ಸಲ ಅದನ್ನೇ ಹಾಕಿದೆ. ಕರೆಂಟ್ ಇಳಿಸಿ, ಆರ್ಕನ್ನು ಸ್ಟೇನ್‌ಲೆಸ್ ಕಡೆ ಸ್ವಲ್ಪ ಜಾಸ್ತಿ ಹಿಡಿದೆ. ಸದ್ದೇ ಇಲ್ಲ.

316 ಸ್ಟೇನ್‌ಲೆಸ್‌ಗೆ 316ಎಲ್ ರಾಡನ್ನೇ ಹಾಕುತ್ತೇನೆ. ಅದರ ಮಾಲಿಬ್ಡಿನಂ ಉಪ್ಪಿನಂಶದಿಂದ ಗುಳಿ ಬೀಳದ ಹಾಗೆ ಕಾಯುತ್ತದೆ. 308ರಲ್ಲಿ ಅದು ಇರೋದಿಲ್ಲ, ಜಾಯಿಂಟ್ ಮಾತ್ರ ಬಡವಾಗುತ್ತದೆ. ಹೆಸರಿನ ಕೊನೆಯ 'ಎಲ್' ಅಂದರೆ ಕಾರ್ಬನ್ ಕಡಿಮೆ, ಹೆಚ್ಚೆಂದರೆ ಶೇ. 0.03. ಕಾರ್ಬನ್ ಜಾಸ್ತಿ ಇದ್ದರೆ ಬಿಸಿಯಲ್ಲಿ ಅದು ಕ್ರೋಮಿಯಂ ಜೊತೆ ಸೇರಿಕೊಂಡುಬಿಡುತ್ತದೆ, ಅಲ್ಲಿ ತುಕ್ಕಿಗೆ ದಾರಿಯಾಗುತ್ತದೆ.

ಇನ್ನೊಂದು ತಮಾಷೆ. 304ಕ್ಕೆ 308ಎಲ್ ಹಾಕಿದ ಬೀಡಿಗೆ ಮ್ಯಾಗ್ನೆಟ್ ಲೈಟಾಗಿ ಅಂಟುತ್ತದೆ. 'ಡೂಪ್ಲಿಕೇಟ್ ರಾಡ್ ಹಾಕಿದೀರಾ?' ಅಂತ ಕೇಳಿದವರೂ ಇದ್ದಾರೆ. ಅದು ಬೇಕು ಅಂತಲೇ ಇಟ್ಟಿರುವ ಫೆರೈಟ್, ಮ್ಯಾಗ್ನೆಟ್‌ಗೆ ಅಂಟುವ ಉಕ್ಕಿನ ರೂಪ. ಆ ಸ್ವಲ್ಪ ಫೆರೈಟ್ ಇಲ್ಲದಿದ್ದರೆ ಬೀಡ್ ಬಿಸಿಯಲ್ಲೇ ಸೀಳುವ ಸಾಧ್ಯತೆ ಜಾಸ್ತಿ.

ಟಿಗ್ ರಾಡಿನ ತುದಿಯಲ್ಲಿ ನಂಬರ್ ಒತ್ತಿರುತ್ತಾರೆ. ನಾನು ನಂಬರಿಲ್ಲದ ತುದಿಯಿಂದ ಕರಗಿಸುತ್ತಾ ಬರುತ್ತೇನೆ, ಉಳಿದ ತುಂಡಿನಲ್ಲಿ ಹೆಸರು ಹಾಗೇ ಇರುತ್ತದೆ. ನಂಬರಿಲ್ಲದ ತುಂಡುಗಳು ಡಬ್ಬಿಯಲ್ಲಿ ಎಷ್ಟೇ ಇದ್ದರೂ ಬರೀ ಪ್ರಾಕ್ಟೀಸಿಗೆ.