ವೆಂಟಿಲೇಟರ್ ಇಲ್ಲದ ದಿನಗಳು: ಎಲ್ಲ ಐಸಿಯುಗಳಲ್ಲೂ ಲೆಕ್ಕ ಒಂದೇ ಬರಬೇಕಾದರೆ

ಟ್ರಯಲ್‌ಗೆ ಸೇರಿದ ರೋಗಿಯೊಬ್ಬರಿಗೆ 6ನೇ ದಿನ ವೆಂಟಿಲೇಟರ್‌ನ (ಉಸಿರಾಟದ ಮೆಷಿನ್‌ನ) ಟ್ಯೂಬ್ ತೆಗೆದರು. 30 ಗಂಟೆಯಲ್ಲಿ ಉಸಿರು ಸೋತು ಮತ್ತೆ ಹಾಕಿದರು. 11ನೇ ದಿನ ತೆಗೆದದ್ದೇ ಕೊನೆ. 28ನೇ ದಿನ ಅವರು ಬದುಕಿದ್ದಾರೆ. ವೆಂಟಿಲೇಟರ್ ಇಲ್ಲದ ದಿನ, ಅಂದರೆ 28 ದಿನಗಳಲ್ಲಿ ಬದುಕಿದ್ದು ಮೆಷಿನ್ ಇಲ್ಲದೆ ಕಳೆದ ದಿನ, ಎಷ್ಟು? ಮೊದಲ ಸಲದಿಂದಲೇ ಎಣಿಸುವ ಆಸ್ಪತ್ರೆ 22 ಎನ್ನುತ್ತದೆ, ನಡುವಿನ ಒಂದು ದಿನವನ್ನೂ ಕೂಡಿಸುವುದು 18, ಕೊನೆಯ ಸಲದಿಂದ ಎಣಿಸುವುದು 17. ಶ್ವಾಸಕೋಶದ ತೀವ್ರ ಹಾನಿಯ ಬಗ್ಗೆ ಟ್ರಯಲ್ ನಡೆಸಿದ ಅಮೆರಿಕದ ಆಸ್ಪತ್ರೆಗಳ ಜಾಲ ಆರ್ಡ್ಸ್‌ನೆಟ್‌ನವರ 2000ದ ಟ್ರಯಲ್‌ನಲ್ಲಿ ಎರಡು ಗುಂಪುಗಳ ಸರಾಸರಿ 12 ಮತ್ತು 10. ಅಂತರ ಎರಡೇ ದಿನ, ಎಣಿಕೆಯ ಗೊಂದಲ ಅದಕ್ಕಿಂತ ದೊಡ್ಡದಾಗಬಹುದು.

ಹಾಗಾಗಿ ಮೊದಲ ರೋಗಿ ಸೇರುವ ಮುಂಚೆಯೇ ಪ್ರೋಟೋಕಾಲ್‌ನಲ್ಲಿ ಬರೆದಿಡಿ:

1. ರ್‍ಯಾಂಡಮೈಸ್ ಮಾಡಿದ (ಚೀಟಿ ಎತ್ತಿದಂತೆ ರೋಗಿಯ ಗುಂಪು ನಿಗದಿ ಮಾಡಿದ) ದಿನವೇ 0ನೇ ದಿನ. ಟ್ಯೂಬ್ ಹಾಕಿದ ದಿನವಲ್ಲ. ಅದು ಬೇರೆ ಆಸ್ಪತ್ರೆಯಲ್ಲಿ, ಎರಡು ದಿನ ಮುಂಚೆಯೇ ಆಗಿರಬಹುದು.
2. ಸತತ 48 ಗಂಟೆ ತಾನೇ ಉಸಿರಾಡಿದರೆ ಮಾತ್ರ ವೆಂಟಿಲೇಟರ್‌ನಿಂದ ಬಿಡುಗಡೆ. ಆಮೇಲೂ 28 ದಿನದೊಳಗೆ ಮತ್ತೆ ಟ್ಯೂಬ್ ಹಾಕಿದರೆ, ಕೊನೆಯ ಬಿಡುಗಡೆಯಿಂದ ಎಣಿಸಿ.
3. 28 ದಿನದೊಳಗೆ ಸತ್ತರೆ 0. 5ನೇ ದಿನ ಟ್ಯೂಬ್ ತೆಗೆದು, 20ನೇ ದಿನ ತೀರಿಕೊಂಡರೂ 0. ಜನ ಹೆಚ್ಚಾಗಿ ತಪ್ಪುವುದು ಇಲ್ಲೇ.
4. ಬೈಪ್ಯಾಪ್ (ಮಾಸ್ಕ್ ಮೂಲಕ ಉಸಿರು ಕೊಡುವ ಮೆಷಿನ್), ಹೈ ಫ್ಲೋ (ಮೂಗಿನ ಮೂಲಕ ರಭಸದ ಆಮ್ಲಜನಕ) ವೆಂಟಿಲೇಟರ್ ಲೆಕ್ಕಕ್ಕೆ ಬರುತ್ತವೆಯೇ? ಯಾವುದಾದರೂ ಸರಿ, ಒಂದನ್ನು ನಿರ್ಧರಿಸಿ. ಟ್ರೇಕಿಯಾಸ್ಟಮಿ (ಕುತ್ತಿಗೆಯಲ್ಲಿ ಉಸಿರಾಟಕ್ಕೆ ಮಾಡಿದ ರಂಧ್ರ) ಇದ್ದು ಹಗಲು ಬಿಟ್ಟು ರಾತ್ರಿ ಮಾತ್ರ ಮೆಷಿನ್‌ಗೆ ಹಾಕುತ್ತಿದ್ದರೆ, ಅದು ಬಿಡುಗಡೆಯಲ್ಲ.

ನಮ್ಮ ಕಡೆಯ ತೊಡಕೊಂದಿದೆ: ವೈದ್ಯರು ಬೇಡವೆಂದರೂ ಮನೆಯವರು ರೋಗಿಯನ್ನು ಕರೆದುಕೊಂಡು ಹೋಗುವುದು. ಡಿಸ್ಚಾರ್ಜ್ ಆದವರನ್ನು ಬದುಕಿದ್ದಾರೆಂದು ಬರೆದುಕೊಂಡರೆ ಲೆಕ್ಕ ಸುಳ್ಳಾಗುತ್ತದೆ. ಸೇರಿಸುವಾಗಲೇ ಇಬ್ಬರು ಸಂಬಂಧಿಕರ ಫೋನ್ ನಂಬರ್ ತೆಗೆದುಕೊಂಡು 28ನೇ ದಿನ ಕರೆ ಮಾಡಿ.

ಈ ಒಂದು ಸಂಖ್ಯೆಯನ್ನೇ ನೆಚ್ಚಿಕೊಳ್ಳಬೇಡಿ. ಸತ್ತವರದೂ 0, 28 ದಿನವೂ ಮೆಷಿನ್ ಮೇಲೆ ಬದುಕಿದ್ದವರದೂ 0. ಸಾವಿನ ಪ್ರಮಾಣವನ್ನೂ ಬದುಕಿದವರ ವೆಂಟಿಲೇಟರ್ ಅವಧಿಯನ್ನೂ ಬೇರೆಬೇರೆಯಾಗಿ ಕೊಡಿ. ವೆಂಟಿಲೇಟರ್ ಟ್ರಯಲ್‌ಗಳಿಗೆಂದು ಒಪ್ಪಿಕೊಂಡಿರುವ, ಅಳೆಯಲೇಬೇಕಾದ ಫಲಿತಾಂಶಗಳ ಕೊವೆಂಟ್ ಪಟ್ಟಿಯಲ್ಲಿ ಈ ಎರಡರ ಜೊತೆ ಟ್ಯೂಬ್ ತೆಗೆದದ್ದು, ಮತ್ತೆ ಹಾಕಿದ್ದು, ಆಸ್ಪತ್ರೆಯಲ್ಲಿದ್ದ ದಿನಗಳು, ಜೀವನದ ಗುಣಮಟ್ಟವೂ ಇವೆ. ಸೊನ್ನೆಗಳೇ ಗುಡ್ಡೆಬಿದ್ದಿರುವುದರಿಂದ ಎರಡು ಸರಾಸರಿಗಳನ್ನು ಹೋಲಿಸುವ ಟಿ-ಟೆಸ್ಟ್ ಇಲ್ಲಿಗೆ ಹೊಂದುವುದಿಲ್ಲ. ಸಾವನ್ನು ಪೈಪೋಟಿಯ ಘಟನೆಯಾಗಿ, ಅಂದರೆ ಬಿಡುಗಡೆಯನ್ನು ಆಗಗೊಡದ ಇನ್ನೊಂದು ಘಟನೆಯಾಗಿ, ಹಿಡಿಯುವ ವಿಧಾನ ವಾಸಿ.

ಪ್ರತಿ ರೋಗಿಯ ಮಾಹಿತಿ ತುಂಬುವ ಕೇಸ್ ಫಾರ್ಮಿನಲ್ಲಿ 'ಒಟ್ಟು ದಿನ' ಎಂಬ ಖಾನೆಯೇ ಬೇಡ. ಹಾಕಿದ, ತೆಗೆದ ದಿನಾಂಕ ಮತ್ತು ಗಂಟೆ ಕೇಳಿ, ಕಳೆಯುವ ಕೆಲಸ ಕಂಪ್ಯೂಟರ್‌ಗೆ ಬಿಡಿ.