ಜೋಡಿ ಓವನ್: ಬಳಸುವ ಬಗೆ, ಕಾಪಾಡುವ ಬಗೆ

ಅಡುಗೆಮನೆಯ ಕ್ಯಾಬಿನೆಟ್‌ನೊಳಗೆ ಕೂರಿಸಿದ ಜೋಡಿ ಓವನ್ ಹೊರನೋಟಕ್ಕೆ ಒಂದರ ಮೇಲೊಂದು ಇಟ್ಟ ಎರಡು ಯಂತ್ರಗಳಂತೆ ಕಾಣುತ್ತದೆ. ಬಾಗಿಲು ಎರಡು, ದೀಪ ಎರಡು, ತಿರುಗಿಸುವ ಗುಂಡಿಗಳೂ ಎರಡು ಜೊತೆ. ಆದರೆ ಅದರ ಕವಚ ಒಂದೇ, ಅದಕ್ಕೆ ಬರುವ ವಿದ್ಯುತ್ ಕೇಬಲ್ ಒಂದೇ, ಅನೇಕ ಮಾದರಿಗಳಲ್ಲಿ ಕವಚದ ಬಿಸಿಯನ್ನು ಹೊರಗೆ ತಳ್ಳುವ ಕೂಲಿಂಗ್ ಫ್ಯಾನ್ ಕೂಡ ಒಂದೇ. ಒಂದು ಖಾನೆ ಕಾದರೆ ಇನ್ನೊಂದಕ್ಕೂ ಬಿಸಿ ತಗಲುತ್ತದೆ ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಈ ಓವನ್‌ನ ಅರ್ಧದಷ್ಟು ಎಚ್ಚರಿಕೆಗಳು ತಾವಾಗಿಯೇ ಅರ್ಥವಾಗುತ್ತವೆ.

ಇದನ್ನು ನಾನು ಕಲಿತದ್ದು ನಷ್ಟಪಟ್ಟೇ. ಬಳಕೆಯಲ್ಲಿ ಇಲ್ಲದ ಮೇಲಿನ ಖಾನೆಯನ್ನು ಪಾತ್ರೆ ಇಡುವ ಕಪಾಟಿನಂತೆ ಬಳಸುತ್ತಿದ್ದೆ. ಒಂದು ದಿನ ಕೆಳಗಿನ ಖಾನೆಯನ್ನು ಕಾಯಿಸಲು ಹೋಗಿ ಮೇಲಿನ ಖಾನೆಯ ಗುಂಡಿಯನ್ನು ತಿರುಗಿಸಿದೆ. ಹತ್ತು ನಿಮಿಷದಲ್ಲಿ ಅಡುಗೆಮನೆ ತುಂಬ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಡಬ್ಬಿಗಳ ಮುಚ್ಚಳಗಳು ಜಾಲರಿಯ ಸರಳುಗಳ ನಡುವೆ ಕರಗಿ ಇಳಿದಿದ್ದವು. ಜೋಡಿ ಓವನ್‌ನಲ್ಲಿ ಈ ಗುಂಡಿ ತಪ್ಪುವುದು ಎಷ್ಟು ಸಹಜವೆಂದರೆ, ಎರಡೂ ಖಾನೆಗಳಲ್ಲಿ ಓವನ್‌ನ ಜಾಲರಿ ಮತ್ತು ಟ್ರೇಗಳ ಹೊರತು ಬೇರೇನನ್ನೂ ಇಡದಿರುವುದು, ಗುಂಡಿ ತಿರುಗಿಸಿದ ಕೂಡಲೇ ಯಾವ ಖಾನೆಯ ಸೂಚಕ ದೀಪ ಹೊತ್ತಿತು ಎಂದು ನೋಡುವುದು, ಇವೆರಡನ್ನು ಅಭ್ಯಾಸವಾಗಿಯೇ ಮಾಡಿಕೊಳ್ಳಬೇಕು.

ಅಳವಡಿಕೆ ಮತ್ತು ವಿದ್ಯುತ್ ಸಂಪರ್ಕ

ಪ್ರತಿ ಖಾನೆಯೂ ಸಾಮಾನ್ಯವಾಗಿ 2ರಿಂದ 3.5 ಕಿಲೋವ್ಯಾಟ್‌ನಷ್ಟು ವಿದ್ಯುತ್ತನ್ನು ಎಳೆಯುತ್ತದೆ. ಎರಡನ್ನೂ ಒಟ್ಟಿಗೆ ಹಚ್ಚಿದಾಗ ಒಟ್ಟು ಹೊರೆ 7 ಕಿಲೋವ್ಯಾಟ್ ಮುಟ್ಟಬಹುದು. 230 ವೋಲ್ಟ್‌ನ ಸಂಪರ್ಕದಲ್ಲಿ ಅದು ಸುಮಾರು 30 ಆಂಪಿಯರ್ ಆಯಿತು. ಮನೆಯ ಯಾವ ಸಾಧಾರಣ ಪ್ಲಗ್ ಸಾಕೆಟ್ಟೂ ಇಷ್ಟನ್ನು ತಡೆಯಲಾರದು. ಆದ್ದರಿಂದ ಮೇನ್ ಬೋರ್ಡ್‌ನಿಂದ ಈ ಓವನ್‌ಗೆಂದೇ ಬೇರೆ ಲೈನ್ ಎಳೆದಿರಬೇಕು, ಅದಕ್ಕೆ ತಕ್ಕ ದಪ್ಪದ ಕೇಬಲ್, ಹೊರೆ ಮೀರಿದಾಗ ವಿದ್ಯುತ್ತನ್ನು ತಾನಾಗಿ ಕಡಿಯುವ ತಕ್ಕ ಅಳತೆಯ ಎಂಸಿಬಿ ಮತ್ತು ಸರಿಯಾದ ಅರ್ಥಿಂಗ್ ಇರಬೇಕು, ಸೋರಿಕೆಯ ಕರೆಂಟನ್ನು ಗುರುತಿಸಿ ಕಡಿತಗೊಳಿಸುವ ಆರ್‌ಸಿಸಿಬಿಯ ರಕ್ಷಣೆಯೂ ಇದ್ದರೆ ಒಳ್ಳೆಯದು. ಯಾವ ಅಳತೆಯ ಕೇಬಲ್, ಎಷ್ಟು ಆಂಪಿಯರ್‌ನ ಎಂಸಿಬಿ ಎಂಬುದನ್ನು ಊಹಿಸಬಾರದು. ಬಾಗಿಲು ತೆರೆದಾಗ ಚೌಕಟ್ಟಿನ ಅಂಚಿನಲ್ಲಿ ಕಾಣುವ, ವಿದ್ಯುತ್ ವಿವರ ಬರೆದ ರೇಟಿಂಗ್ ಪ್ಲೇಟ್ ಮತ್ತು ಕೈಪಿಡಿಯನ್ನು ನೋಡಿ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಅದನ್ನು ನಿರ್ಧರಿಸಬೇಕು. ಎಕ್ಸ್‌ಟೆನ್ಶನ್ ಬೋರ್ಡ್ ಬಳಸುವ ಮಾತೇ ಇಲ್ಲ. ಓವನ್‌ಗೆ ಬರುವ ವಿದ್ಯುತ್ತನ್ನು ಪೂರ್ತಿಯಾಗಿ ಕಡಿತಗೊಳಿಸುವ ಸ್ವಿಚ್ ಓವನ್‌ನ ಹಿಂದೆ ಅಡಗಿರದೆ, ಓವನ್‌ಗೆ ಬೆಂಕಿ ಹತ್ತಿದಾಗಲೂ ಕೈಗೆ ಸಿಗುವ ಜಾಗದಲ್ಲಿ ಇರಬೇಕು.

ಈ ಓವನ್ ಬಲು ಭಾರ. ಕ್ಯಾಬಿನೆಟ್‌ನ ತಳದ ಹಲಗೆ ಆ ಭಾರವನ್ನು ಹೊರುವಂತಿರಬೇಕು, ಮುಂಭಾಗದ ಚೌಕಟ್ಟನ್ನು ಕ್ಯಾಬಿನೆಟ್‌ಗೆ ಹಿಡಿದಿಡುವ ಸ್ಕ್ರೂಗಳು ಎಲ್ಲವೂ ಬಿಗಿಯಾಗಿರಬೇಕು. ಬಾಗಿಲು ತೆರೆದು ಭಾರದ ಟ್ರೇಯನ್ನು ಹೊರಗೆಳೆದಾಗ ಇಡೀ ಯಂತ್ರ ಮುಂದಕ್ಕೆ ವಾಲದಂತೆ ತಡೆಯುವುದು ಆ ಸ್ಕ್ರೂಗಳೇ. ಹಿಂದೆ, ಮೇಲೆ, ಪಕ್ಕಗಳಲ್ಲಿ ಗಾಳಿಯಾಡಲು ಎಷ್ಟು ತೆರಪು ಬಿಡಬೇಕೆಂದು ಕೈಪಿಡಿ ಹೇಳುತ್ತದೆಯೋ ಅಷ್ಟನ್ನೂ ಬಿಡಬೇಕು. ಬಾಗಿಲುಗಳ ಮೇಲೋ ಕೆಳಗೋ ಕಾಣುವ ಸಣ್ಣ ಸೀಳುಗಳಿಂದ ಬಿಸಿಗಾಳಿ ಹೊರಬರುತ್ತದೆ. ಒರೆಸುವ ಬಟ್ಟೆಯನ್ನು ಹಿಡಿಕೆಗೆ ತೂಗುಹಾಕಿ ಆ ಸೀಳುಗಳನ್ನು ಮುಚ್ಚುವುದು ಅನೇಕ ಮನೆಗಳಲ್ಲಿ ಕಾಣುವ ತಪ್ಪು.

ಓವನ್ ಆರಿಸಿದ ಮೇಲೂ ಕೂಲಿಂಗ್ ಫ್ಯಾನ್ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಅದು ದೋಷವಲ್ಲ. ಸದ್ದು ಕಿರಿಕಿರಿ ಎನಿಸಿ ಆಗಲೇ ಮೇನ್ ಸ್ವಿಚ್ ಆರಿಸಿದರೆ, ಒಳಗೆ ಉಳಿದ ಬಿಸಿ ಮೇಲೇರಿ ನಿಯಂತ್ರಣ ಫಲಕದ ಎಲೆಕ್ಟ್ರಾನಿಕ್ಸ್‌ಗೆ ತಗಲುತ್ತದೆ. ಫ್ಯಾನ್ ತಾನಾಗಿ ನಿಲ್ಲುವ ತನಕ ಕಾಯಬೇಕು.

ಮೊದಲ ಸಲ ಹಚ್ಚುವಾಗ

ಒಳಗಿನ ರಟ್ಟು, ಥರ್ಮಕೋಲ್, ಅಂಟುಪಟ್ಟಿ, ಪ್ಲಾಸ್ಟಿಕ್ ಹಾಳೆಗಳನ್ನು ಎರಡೂ ಖಾನೆಗಳಿಂದ ತೆಗೆದು, ಜಾಲರಿ ಮತ್ತು ಟ್ರೇಗಳನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿಕೊಳ್ಳಿ. ಗಡಿಯಾರದ ಸಮಯ ಹೊಂದಿಸುವ ತನಕ ಬಿಸಿಯಾಗದ ಮಾದರಿಗಳೂ ಇವೆ; ವಿದ್ಯುತ್ ಹೋಗಿ ಬಂದ ಮೇಲೆ ಓವನ್ ಕೆಟ್ಟಿತೆಂದು ಗಾಬರಿಯಾಗುವ ಮೊದಲು ಗಡಿಯಾರ ಮಿನುಗುತ್ತಿದೆಯೇ ನೋಡುವುದು ಲೇಸು. ಅನಂತರ ಒಂದೊಂದೇ ಖಾನೆಯನ್ನು ಖಾಲಿಯಾಗಿಯೇ, ಕಿಟಕಿಗಳನ್ನು ತೆರೆದಿಟ್ಟು, ಕೈಪಿಡಿ ಹೇಳಿದ ಹೆಚ್ಚಿನ ಉಷ್ಣತೆಯಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಯಿಸಿ. ತಯಾರಿಕೆಯಲ್ಲಿ ಉಳಿದ ಎಣ್ಣೆಯ ಅಂಶ ಮತ್ತು ಶಾಖನಿರೋಧಕ ಪದರದ ಅಂಟು ಸುಟ್ಟು ವಾಸನೆ, ತುಸು ಹೊಗೆ ಬರುವುದು ಸಹಜ. ಮನೆಯಲ್ಲಿ ಸಾಕುಹಕ್ಕಿಗಳಿದ್ದರೆ ಅವನ್ನು ಆ ಹೊತ್ತಿಗೆ ಗಾಳಿಯಾಡುವ ದೂರದ ಕೋಣೆಗೆ ಸಾಗಿಸಿ, ಏಕೆಂದರೆ ಹಕ್ಕಿಗಳ ಶ್ವಾಸಾಂಗ ಇಂಥ ಹೊಗೆಗೆ ಬಹಳ ಸೂಕ್ಷ್ಮ.

ದಿನನಿತ್ಯದ ಬಳಕೆ

ಖಾನೆಯ ಆಯ್ಕೆಯಿಂದಲೇ ಉಳಿತಾಯ ಶುರುವಾಗುತ್ತದೆ. ಒಂದು ಖಾನೆ ಚಿಕ್ಕದಾಗಿದ್ದರೆ ಸಣ್ಣ ಅಡುಗೆಗೆ ಅದೇ ಸಾಕು. ದೊಡ್ಡದಕ್ಕಿಂತ ಬೇಗ ಕಾಯುತ್ತದೆ, ಕಡಿಮೆ ವಿದ್ಯುತ್ ತಿನ್ನುತ್ತದೆ. ಕೂಲಿಂಗ್ ಫ್ಯಾನ್ ಅಲ್ಲದೆ ಒಳಗೂ ಒಂದು ಫ್ಯಾನ್ ಇರುವ ಖಾನೆಯಲ್ಲಿ ಬಿಸಿಗಾಳಿ ಸುತ್ತಾಡುವುದರಿಂದ, ಫ್ಯಾನ್ ಇಲ್ಲದ ಓವನ್‌ಗೆಂದು ಬರೆದ ಪಾಕವಿಧಾನದ ಉಷ್ಣತೆಯನ್ನು ಸುಮಾರು 20 ಡಿಗ್ರಿ ಸೆಲ್ಸಿಯಸ್‌ನಷ್ಟು ತಗ್ಗಿಸಿಕೊಳ್ಳಬೇಕು. ಜಾಲರಿಯನ್ನು ಯಾವ ಎತ್ತರದಲ್ಲಿ ಇಡಬೇಕೆಂದು ಓವನ್ ತಣ್ಣಗಿರುವಾಗಲೇ ತೀರ್ಮಾನಿಸಿ. ಕಾದ ಜಾಲರಿಯನ್ನು ಬದಲಿಸಲು ಹೋಗಿ ಮುಂಗೈ ಸುಟ್ಟುಕೊಳ್ಳುವವರೇ ಹೆಚ್ಚು. ಗ್ರಿಲ್ ಬಳಸುವಾಗ ಬಾಗಿಲು ಮುಚ್ಚಿರಬೇಕೋ ತುಸು ತೆರೆದಿರಬೇಕೋ ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ, ಅದಕ್ಕೆ ಕೈಪಿಡಿಯೇ ಪ್ರಮಾಣ.

ಖಾನೆಯ ನೆಲಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿದರೆ ತೊಳೆಯುವ ಕೆಲಸ ತಪ್ಪುತ್ತದೆಂದು ತೋರಬಹುದು, ಆದರೆ ಹಾಗೆ ಮಾಡಬಾರದು. ಅನೇಕ ಮಾದರಿಗಳಲ್ಲಿ ಬಿಸಿ ಹುಟ್ಟಿಸುವ ಹೀಟಿಂಗ್ ಎಲಿಮೆಂಟ್ ಆ ನೆಲದ ಅಡಿಯಲ್ಲೇ ಇರುತ್ತದೆ. ಫಾಯಿಲ್ ಬಿಸಿಯನ್ನು ಅಲ್ಲೇ ತಡೆದು ಲೋಹದ ಮೇಲಿನ ಗಾಜಿನಂಥ ಎನಾಮೆಲ್ ಪದರ ಬಿರುಕುಬಿಡುವಂತೆ ಮಾಡುತ್ತದೆ, ಕೆಲವೊಮ್ಮೆ ಕರಗಿ ಅಂಟಿಕೊಂಡು ಎಂದಿಗೂ ಬಿಡಿಸಲಾಗದಂತೆ ಆಗುತ್ತದೆ. ಅದೇ ಕಾರಣಕ್ಕೆ ಟ್ರೇಯನ್ನೂ ನೇರವಾಗಿ ನೆಲದ ಮೇಲೆ ಇಡಬಾರದು. ಚೆಲ್ಲುವ ಭಯವಿದ್ದರೆ ಕೆಳಗಿನ ಜಾಲರಿಯ ಮೇಲೆ ಒಂದು ಟ್ರೇ ಇಟ್ಟರಾಯಿತು.

ಮೇಲಿನ ಖಾನೆಯ ಬಾಗಿಲು ಮುಖದ ಮಟ್ಟಕ್ಕೆ ಬರುತ್ತದೆ. ಅದನ್ನು ತೆರೆಯುವಾಗ ಒಂದು ಪಕ್ಕಕ್ಕೆ ನಿಂತು, ಮೊದಲು ಒಂದು ಅಂಗುಲದಷ್ಟು ಮಾತ್ರ ತೆರೆದು, ಹಬೆ ಹೊರಗೆ ಹೋದ ಮೇಲೆ ಪೂರ್ತಿ ತೆರೆಯಬೇಕು; ಕನ್ನಡಕ ಧರಿಸುವವರಿಗೆ ಇದು ಇನ್ನೂ ಮುಖ್ಯ. ಭಾರವಾದ, ಎಣ್ಣೆ ಅಥವಾ ರಸ ತುಂಬಿದ ಪಾತ್ರೆಗಳಿಗೆ ಮೇಲಿನ ಖಾನೆ ತಕ್ಕದ್ದಲ್ಲ, ಏಕೆಂದರೆ ಎದೆಯ ಎತ್ತರದಿಂದ ಇಳಿಸುವಾಗ ತುಳುಕಿದ್ದು ಮೈಮೇಲೆಯೇ ಬೀಳುತ್ತದೆ. ಅಂಥವನ್ನು ಕೆಳಗಿನ ಖಾನೆಯಲ್ಲಿ ಇಟ್ಟು, ತೆಗೆಯುವಾಗ ಕೈಯನ್ನು ಒಳಗೆ ತೂರಿಸದೆ ಜಾಲರಿಯನ್ನೇ ಅದರ ತಡೆಯವರೆಗೆ ಹೊರಗೆಳೆದು, ಮೊಣಕಾಲು ಮಡಚಿ ಎತ್ತಬೇಕು. ಮೇಲಿನ ಬಾಗಿಲು ತೆರೆದಿರುವಾಗ ಕೆಳಗಿನದಕ್ಕೆ ಬಗ್ಗಬೇಡಿ: ಏಳುವಾಗ ತಲೆ ತಾಗುವುದು ಕಾದ ಬಾಗಿಲಿಗೆ. ಕೆಳಗಿನ ಬಾಗಿಲು ಮಕ್ಕಳಿಗೆ ಮೆಟ್ಟಿಲಿನಂತೆ ಕಾಣುತ್ತದೆ. ಅದರ ಮೇಲೆ ಯಾರೂ ಕೂರದಂತೆ, ಹತ್ತದಂತೆ ನೋಡಿಕೊಳ್ಳಬೇಕು, ಚೈಲ್ಡ್ ಲಾಕ್ ಇದ್ದರೆ ಬಳಸಬೇಕು. ಬಾಗಿಲಿನ ಹೊರಗಾಜು ಕೂಡ ಚಿಕ್ಕ ಮಗುವಿನ ಅಂಗೈಗೆ ಸಾಕಷ್ಟು ಬಿಸಿಯಾಗಬಹುದು.

ಕೈಗವಸು ಒಣಗಿರಲಿ. ಒದ್ದೆ ಬಟ್ಟೆಯಲ್ಲಿನ ನೀರು ಬಿಸಿಯನ್ನು ಕೂಡಲೇ ಚರ್ಮಕ್ಕೆ ದಾಟಿಸುತ್ತದೆ. ಕಾದ ಗಾಜಿನ ಪಾತ್ರೆಗೆ ತಣ್ಣೀರು ಸುರಿಯಬಾರದು, ಅದನ್ನು ಒದ್ದೆ ಕಟ್ಟೆಯ ಮೇಲೂ ಇಡಬಾರದು. ಸಮಯ ನಿಗದಿಪಡಿಸಿ ತಾನಾಗಿ ಹೊತ್ತಿಕೊಳ್ಳುವ ಸೌಲಭ್ಯ ಅನುಕೂಲವೇ ಹೌದು, ಆದರೆ ಮಾಂಸ, ಮೊಟ್ಟೆ, ಹಾಲಿನ ಪದಾರ್ಥಗಳನ್ನು ಕೋಣೆಯ ಉಷ್ಣತೆಯಲ್ಲಿ 2 ಗಂಟೆಗಿಂತ ಹೆಚ್ಚು ಕಾಲ ಹಾಗೆ ಇಟ್ಟಿರಬಾರದು.

ಒಳಗೆ ಬೆಂಕಿ ಕಂಡರೆ ಬಾಗಿಲು ತೆರೆಯಬೇಡಿ. ಓವನ್ ಆರಿಸಿ, ಕೈಗೆಟುಕುವ ಸ್ವಿಚ್‌ನಿಂದ ವಿದ್ಯುತ್ತನ್ನು ಕಡಿತಗೊಳಿಸಿ, ಬಾಗಿಲು ಮುಚ್ಚಿಯೇ ಇರಲಿ. ಆಮ್ಲಜನಕ ಸಿಗದೆ ಬೆಂಕಿ ನಂದುತ್ತದೆ. ನೀರನ್ನಂತೂ ಎರಚಲೇಬಾರದು. ಬೆಂಕಿ ಹೊರಗೆ ಚಾಚಿದರೆ ಎಲ್ಲರೂ ಮನೆಯಿಂದ ಹೊರಬಂದು ಅಗ್ನಿಶಾಮಕ ದಳವನ್ನು ಕರೆಯಬೇಕು.

ಶುಚಿಗೊಳಿಸುವುದು

ಶುಚಿಗೊಳಿಸುವ ವಿಧಾನ ಒಳಗೋಡೆ ಯಾವ ಬಗೆಯದು ಎಂಬುದರ ಮೇಲೆ ನಿಂತಿದೆ. ಜೋಡಿ ಓವನ್‌ನಲ್ಲಿ ಎರಡು ಖಾನೆಗಳ ಗೋಡೆಗಳು ಎರಡು ಬಗೆಯವಾಗಿರುವುದೂ ಉಂಟು. ನುಣುಪಾದ ಸಾಧಾರಣ ಎನಾಮೆಲ್ ಆಗಿದ್ದರೆ, ಓವನ್ ಪೂರ್ತಿ ತಣ್ಣಗಾದ ಮೇಲೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಎಲಿಮೆಂಟ್‌ಗಳಿಗೆ ತಾಗದಂತೆ ಗೋಡೆಗೆ ಬಳಿದು, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಎರಡು ಮೂರು ಸಲ ಒರೆಸಿದರೆ ಜಿಡ್ಡಿನ ಬಹುಪಾಲು ಬಿಡುತ್ತದೆ. ಮುಟ್ಟಿದರೆ ತರಿತರಿಯಾಗಿರುವ ಮಂಕು ಬಣ್ಣದ ಹಲಗೆಗಳಿದ್ದರೆ ಅವು ಕ್ಯಾಟಲಿಟಿಕ್ ಹಲಗೆಗಳು. 200 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಅವು ಜಿಡ್ಡನ್ನು ತಾವೇ ಸುಟ್ಟುಕೊಳ್ಳುತ್ತವೆ; ಅವನ್ನು ಉಜ್ಜಿದರೆ, ಓವನ್ ಕ್ಲೀನರ್ ಸಿಂಪಡಿಸಿದರೆ ರಂಧ್ರಗಳು ಮುಚ್ಚಿ ಆ ಗುಣವೇ ಹೋಗುತ್ತದೆ.

ಮೂರನೆಯದು ಪೈರೋಲಿಟಿಕ್ ಬಗೆ. ಇದರಲ್ಲಿ ಬಾಗಿಲು ತಾನಾಗಿ ಲಾಕ್ ಆಗಿ, ಒಳಗಿನ ಉಷ್ಣತೆ 400ರಿಂದ 500 ಡಿಗ್ರಿಯವರೆಗೆ ಏರಿ, ಕೊಳೆಯೆಲ್ಲ ಬೂದಿಯಾಗುತ್ತದೆ. ಇದನ್ನು ಹಚ್ಚುವ ಮೊದಲು ದೊಡ್ಡ ಚೂರುಗಳನ್ನೂ ನಿಂತ ಎಣ್ಣೆಯನ್ನೂ ಒರೆಸಿ ತೆಗೆಯದಿದ್ದರೆ ದಟ್ಟ ಹೊಗೆ ಏಳುತ್ತದೆ. ಜಾಲರಿ, ಟ್ರೇ, ಪಕ್ಕದ ಹಳಿಗಳನ್ನು ಹೊರಗಿಡಿ. ಅವನ್ನು ಒಳಗೇ ಬಿಡಬಹುದೆಂದು ಕೈಪಿಡಿ ಸ್ಪಷ್ಟವಾಗಿ ಹೇಳಿದ್ದರೆ ಮಾತ್ರ ಬಿಡಿ. ಒಂದು ಸಲಕ್ಕೆ ಒಂದೇ ಖಾನೆಯನ್ನು ಶುಚಿಗೊಳಿಸಿ, ಆ ಹೊತ್ತಿನಲ್ಲಿ ಇನ್ನೊಂದರಲ್ಲಿ ಅಡುಗೆ ಇಡಬೇಡಿ, ಅದರೊಳಗೆ ಏನೂ ಇರದಂತೆ ನೋಡಿಕೊಳ್ಳಿ. ಕಿಟಕಿ ತೆರೆದಿರಲಿ, ಮಕ್ಕಳು ಮತ್ತು ಸಾಕುಪ್ರಾಣಿಗಳು ದೂರವಿರಲಿ, ಮನೆಯಲ್ಲಿ ಯಾರಾದರೂ ಎಚ್ಚರವಾಗಿರುವಾಗಲೇ ಇದನ್ನು ಮಾಡಿ. ಹಬ್ಬಕ್ಕೋ ದೊಡ್ಡ ಊಟಕ್ಕೋ ಹಿಂದಿನ ದಿನ ಇದನ್ನು ಹಚ್ಚಬೇಡಿ ಎಂಬುದು ನನ್ನ ಸಲಹೆ. ಓವನ್‌ನ ಭಾಗಗಳ ಮೇಲೆ ಇಷ್ಟು ಒತ್ತಡ ಬೀಳುವ ಸಂದರ್ಭ ಬೇರೊಂದಿಲ್ಲ, ಹಳೆಯ ಭಾಗವೊಂದು ಕೈಕೊಡುವುದಾದರೆ ಆಗಲೇ ಕೈಕೊಡುತ್ತದೆ.

ಬಾಗಿಲಿನ ಗಾಜನ್ನು ಲೋಹದ ಹೆರೆಯುವ ಸಾಧನದಿಂದಾಗಲಿ ಒರಟು ಪುಡಿಯಿಂದಾಗಲಿ ಉಜ್ಜಬಾರದು. ಗಟ್ಟಿಗೊಳಿಸಿದ ಗಾಜಿನ ಮೇಲೆ ಬಿದ್ದ ಸಣ್ಣ ಗೀರು ಅಂದು ಏನೂ ಮಾಡದೆ, ಎಷ್ಟೋ ದಿನಗಳ ನಂತರ ಬಿಸಿಯೇರಿದಾಗ ಇಡೀ ಗಾಜು ಪುಡಿಯಾಗಲು ಕಾರಣವಾಗಬಹುದು.

ಬಾಗಿಲಿನ ಸೀಲ್, ದೀಪ, ಉಷ್ಣತೆ

ಬಾಗಿಲಿನ ಸುತ್ತಲಿನ ಗ್ಯಾಸ್ಕೆಟ್ ಸಡಿಲವಾದರೆ ಬಿಸಿ ಸೋರಿ ಹಿಡಿಕೆ, ಗುಂಡಿಗಳು ಕಾಯುತ್ತವೆ. ತಣ್ಣಗಿರುವಾಗ ಒಂದು ಕಾಗದದ ಪಟ್ಟಿಯನ್ನು ಬಾಗಿಲಿನ ನಡುವೆ ಸಿಕ್ಕಿಸಿ ಮುಚ್ಚಿ ಎಳೆದು ನೋಡಿ. ಹಿಡಿತವೇ ಇಲ್ಲದೆ ಜಾರಿ ಬಂದರೆ ಅಲ್ಲಿ ಗ್ಯಾಸ್ಕೆಟ್ ಸವೆದಿದೆ ಅಥವಾ ಹಿಂಜ್ ಸೊರಗಿದೆ. ಪೈರೋಲಿಟಿಕ್ ಓವನ್‌ನಲ್ಲಿ ಹೆಣೆದ ಗಾಜುನಾರಿನ ಗ್ಯಾಸ್ಕೆಟ್ ಇದ್ದರೆ ಅದನ್ನು ಉಜ್ಜಬಾರದು, ನೆನೆಸಲೂಬಾರದು.

ದೀಪ ಬದಲಿಸುವ ಮೊದಲು ಗುಂಡಿ ಆರಿಸಿದರೆ ಸಾಲದು, ಎಂಸಿಬಿಯನ್ನೇ ಆರಿಸಿ ಖಾನೆ ತಣ್ಣಗಾಗಲು ಬಿಡಬೇಕು. 300 ಡಿಗ್ರಿ ತಾಳುವ ಓವನ್ ಬಲ್ಬನ್ನೇ ಹಾಕಬೇಕು. ಮನೆಯ ಎಲ್‌ಇಡಿ ಬಲ್ಬ್ ಈ ಬಿಸಿಗೆ ತಡೆಯದು. ಹ್ಯಾಲೊಜೆನ್ ಬಲ್ಬಾದರೆ ಬಟ್ಟೆಯಿಂದ ಹಿಡಿಯಿರಿ, ಬೆರಳಿನ ಜಿಡ್ಡು ತಗಲಿದರೆ ಅದರ ಆಯುಸ್ಸು ಕುಗ್ಗುತ್ತದೆ.

ಕೇಕು ಒಂದೇ ಸಮನೆ ಸೀಯುತ್ತಿದ್ದರೆ ಪಾಕವಿಧಾನವನ್ನು ದೂರುವ ಮೊದಲು ಓವನ್ ಥರ್ಮಾಮೀಟರನ್ನು ಖಾನೆಯ ಮಧ್ಯದಲ್ಲಿ ಇಟ್ಟು 180 ಡಿಗ್ರಿಗೆ ಹೊಂದಿಸಿ ಅರ್ಧ ಗಂಟೆ ಬಿಡಿ. ಎಲಿಮೆಂಟ್ ಹೊತ್ತಿ ಆರುವುದಕ್ಕೆ ತಕ್ಕಂತೆ ಉಷ್ಣತೆ ಏರಿಳಿಯುವುದು ಸಹಜ, ಹಾಗಾಗಿ ಹಲವು ಸಲ ಓದಿ ಸರಾಸರಿ ತೆಗೆಯಬೇಕು. ಎರಡೂ ಖಾನೆಗಳನ್ನು ಬೇರೆ ಬೇರೆಯಾಗಿಯೇ ಪರೀಕ್ಷಿಸಿ. ಒಂದೇ ಯಂತ್ರದ ಎರಡು ಖಾನೆಗಳ ನಡುವೆ ಹತ್ತು ಡಿಗ್ರಿಯ ವ್ಯತ್ಯಾಸ ಆಶ್ಚರ್ಯವೇನಲ್ಲ. ಅನೇಕ ಡಿಜಿಟಲ್ ಮಾದರಿಗಳಲ್ಲಿ ಈ ವ್ಯತ್ಯಾಸವನ್ನು ಸರಿಪಡಿಸುವ ಸೆಟ್ಟಿಂಗ್ ಇರುತ್ತದೆ.

ನಾವು ಕೈಹಾಕಬಾರದ ಕೆಲಸಗಳು

ಎಲಿಮೆಂಟ್ ಮೇಲೆ ಉಬ್ಬು ಅಥವಾ ಒಡಕು, ಗುಂಡಿ ಮುಟ್ಟಿದಾಗ ಶಾಕ್, ವೈರ್ ಸುಟ್ಟ ವಾಸನೆ, ಮತ್ತೆ ಮತ್ತೆ ಬೀಳುವ ಎಂಸಿಬಿ, ಇವುಗಳಲ್ಲಿ ಯಾವುದು ಕಂಡರೂ ವಿದ್ಯುತ್ ಆರಿಸಿ ತಂತ್ರಜ್ಞರನ್ನು ಕರೆಯಬೇಕು. ಅತಿಬಿಸಿಯಾದಾಗ ವಿದ್ಯುತ್ ಕಡಿಯುವ ಥರ್ಮಲ್ ಕಟ್‌ಔಟನ್ನು ವೈರ್ ಸುತ್ತಿ ದಾಟಿಸುವ ಸಾಹಸ ಯಾರೂ ಮಾಡಬಾರದು. ಮೇಲಿನ ಖಾನೆ ಮೈಕ್ರೋವೇವ್ ಕೂಡ ಆಗಿದ್ದರೆ ಕವಚವನ್ನು ಬಿಚ್ಚುವ ಯೋಚನೆಯೇ ಬೇಡ, ಅದರ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಪ್ರಾಣ ತೆಗೆಯುವಷ್ಟು ವಿದ್ಯುತ್ತನ್ನು ಹಿಡಿದಿಟ್ಟಿರಬಲ್ಲದು.

ತಿಂಗಳುಗಟ್ಟಲೆ ಬಳಸದೆ ಬಿಟ್ಟ ಖಾನೆಯನ್ನು ಹಚ್ಚಿದ ಕೂಡಲೇ ಆರ್‌ಸಿಸಿಬಿ ಬಿದ್ದರೆ ಅದಕ್ಕೊಂದು ವಿಶೇಷ ಕಾರಣವಿರಬಹುದು. ಎಲಿಮೆಂಟ್‌ನ ಕೊಳವೆಯೊಳಗೆ ತುಂಬಿದ ಮೆಗ್ನೀಷಿಯಂ ಆಕ್ಸೈಡ್ ಪುಡಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಆಗ ಅಲ್ಲಿಂದ ತುಸು ಕರೆಂಟ್ ಸೋರುತ್ತದೆ. ಅದನ್ನು ಒಣಗಿಸಬೇಕೋ ಬದಲಿಸಬೇಕೋ ಎಂಬುದನ್ನು ತಂತ್ರಜ್ಞರು ಅಳೆದು ಹೇಳುತ್ತಾರೆ. ಬೀಳುತ್ತಿರುವ ಸ್ವಿಚ್ಚನ್ನು ಹಟ ಹಿಡಿದು ಮತ್ತೆ ಮತ್ತೆ ಎತ್ತಬಾರದು. ಇದು ಬರದಂತೆ ತಡೆಯಲು ಕಡಿಮೆ ಬಳಸುವ ಖಾನೆಯನ್ನು ತಿಂಗಳಿಗೊಮ್ಮೆಯಾದರೂ ಕಾಲು ಗಂಟೆ ಕಾಯಿಸಿ, ಅದಕ್ಕೆ ಮೊದಲು ಒಳಗೆ ಏನೂ ಇಲ್ಲವೆಂದು ಬಾಗಿಲು ತೆರೆದು ನೋಡಿ.