ಬಾವೀಲಿ ನೀರು ಬಂತು ಅಂತ ಬೈಸ್ಕೊಂಡ ಕೆಲಸ

ಕೋಲಾರದ ಕಡೆಯವನು ನಾನು, ಸಾವಿರ ಅಡಿ ಕೊರೆಸಿದ್ರೂ ಬೋರಲ್ಲಿ ಬರೀ ಧೂಳು ಏಳೋದನ್ನ ನೋಡ್ಕೊಂಡು ಬೆಳೆದಿದ್ದು. ಈಗ ಗುಜರಾತಿನ ಮೆಹಸಾಣಾದಲ್ಲಿ ವರ್ಕೋವರ್ ರಿಗ್ ಕೆಲಸ, ಅಂದ್ರೆ ಕೊರೆದಿರೋ ಎಣ್ಣೆ ಬಾವಿಗಳ ರಿಪೇರಿ, ಇಲ್ಲಿ ಎಣ್ಣೆ ಬಾವೀಲಿ ನೀರು ಬಂದ್ರೆ ಬೈಗುಳ. ಫೋನಲ್ಲಿ ಹೇಳಿದ್ರೆ ಅಮ್ಮ "ಆ ನೀರನ್ನ ಇತ್ಲಾಗಾದ್ರೂ ಕಳಿಸೋ" ಅಂತಾಳೆ.

ಒಂದು ಬಾವೀಲಿ ಎರಡು ಝೋನ್ (ಎಣ್ಣೆ ಬರೋ ಕಲ್ಲಿನ ಪದರ) ಓಪನ್ ಇದ್ವು, ಮೇಲಿಂದು 1148ರಿಂದ 1152 ಮೀಟರ್ ಆಳ, ಕೆಳಗಿಂದು 1161ರಿಂದ 1166. ನೂರು ಲೀಟರ್ ಎತ್ತಿದ್ರೆ ತೊಂಬತ್ತು ನೀರೇ. ಎಲ್ರೂ ಕೆಳಗಿನ ಝೋನ್ದೇ ಕಿತಾಪತಿ ಅಂದ್ರು, ಆದ್ರೆ ಅಂದಾಜಿನ ಮೇಲೆ ಮುಚ್ಚೋಕಾಗಲ್ವಲ್ಲ, ಅದಕ್ಕೆ ಎರಡರ ನಡುವೆ ಪ್ಯಾಕರ್ (ಪೈಪಿನ ಸುತ್ತ ಉಬ್ಬಿ ಸಂದು ಮುಚ್ಚೋ ರಬ್ಬರ್ ಸಾಧನ) ಕೂರಿಸಿ, ಟ್ಯೂಬಿಂಗಲ್ಲಿ (ಒಳಗಿನ ಪೈಪಲ್ಲಿ) ಸ್ವಾಬ್ ಹೊಡೆದು, ಅಂದ್ರೆ ರಬ್ಬರ್ ಕಪ್ ಇಳಿಸಿ ಮೇಲೆತ್ತಿ, ಕೆಳಗಿಂದನ್ನ ಮಾತ್ರ ಎಳೆದ್ವಿ. ಮೊದಲು ಬರೋದು ನಾವೇ ತುಂಬಿದ ಉಪ್ಪುನೀರು, ಅದನ್ನ ನೋಡಿ ಮೋಸ ಹೋಗೋರು ಜಾಸ್ತಿ. ಉಪ್ಪು ಎಷ್ಟಿದೆ ಅಂತ ತಿಳಿಯೋಕೆ ಸ್ಯಾಂಪಲ್ ಹಿಡಿಯೋದು, ಪೊಟ್ಯಾಷಿಯಂ ಕ್ರೋಮೇಟ್ ಎರಡು ಹನಿ ಹಾಕೋದು, ಸಿಲ್ವರ್ ನೈಟ್ರೇಟ್ ಬಿಡ್ತಾ ಹಳದಿ ಹೋಗಿ ಇಟ್ಟಿಗೆ ಬಣ್ಣ ತಿರುಗೋಕೆ ಎಷ್ಟು ಮಿಲಿ ಹಿಡೀತು ಅಂತ ಬರ್ಕೊಳ್ಳೋದು, ಹಿಂಗೇ ರಾತ್ರಿಯೆಲ್ಲಾ. ಮೂರು ಸ್ಯಾಂಪಲ್ ಒಂದೇ ಲೆಕ್ಕಕ್ಕೆ ನಿಂತ ಮೇಲೇನೇ ಇದು ಝೋನಿನ ನೀರು ಅಂತ ನಾನು ನಂಬಿದ್ದು.

ಸಿಮೆಂಟ್ ಹಾಕಿ ಪೂರ್ತಿ ಮುಚ್ಚೋಕೆ ಮನಸ್ಸು ಬರ್ಲಿಲ್ಲ, ಕೆಳಗೂ ಸ್ವಲ್ಪ ಎಣ್ಣೆ ಉಳಿದಿತ್ತು. ವಾಪಸ್ ತೆಗೆಯೋಕಾಗೋ ಬ್ರಿಡ್ಜ್ ಪ್ಲಗ್ (ಬಾವಿಗೆ ಅಡ್ಡ ಕೂರಿಸೋ ಬಿರಡೆ) ಸಾಕು ಅಂತಾಯ್ತು, ಜಾಗ 1156. ಕೇಸಿಂಗ್ (ಬಾವಿ ಗೋಡೆಯ ಪೈಪು) ಕಾಲರ್, ಅಂದ್ರೆ ಪೈಪಿನ ಜಾಯಿಂಟು, 1158ರಲ್ಲಿತ್ತು, ಕಾಲರ್ ಮೇಲೆ ಕೂರಿಸಿದ್ರೆ ಪ್ಲಗ್ಗಿನ ಸ್ಲಿಪ್ಸ್ (ಗೋಡೆ ಕಚ್ಚೋ ಹಲ್ಲು) ಸರಿಯಾಗಿ ಕಚ್ಚಲ್ಲ.

ಇಲ್ಲೇ ನಾನು ಎಡವಿದ್ದು. ರಿಗ್ ಬಾಡಿಗೆ ಓಡ್ತಾ ಇದೆ ಅನ್ನೋ ಅವಸರದಲ್ಲಿ ಕೇಸಿಂಗ್ ಒಳಗೋಡೆ ಕೆರೆಯೋ ಸ್ಕ್ರೇಪರ್ ಒಂದೇ ಸಲ ಓಡಿಸಿ ಸಾಕು ಅಂದೆ. ಮೇಲಿನ ಝೋನಿನ ಪರ್ಫೊರೇಷನ್ (ಕೇಸಿಂಗಿಗೆ ಹೊಡೆದ ತೂತು) ಓಪನ್ ಇರೋವಾಗ ಸುಮ್ನೆ ಮೇಲಿಂದ ಪ್ರೆಷರ್ ಕೊಟ್ಟು ಪ್ಲಗ್ ಟೆಸ್ಟ್ ಮಾಡೋಕಾಗಲ್ಲ, ಎಲ್ಲಾ ಝೋನಿಗೇ ಹೋಗುತ್ತೆ, ಹಂಗಾಗಿ ಪ್ಲಗ್ ಇಳಿಸಿದ ಅದೇ ಸ್ಟ್ರಿಂಗಲ್ಲಿದ್ದ (ಪೈಪಿನ ಸರದಲ್ಲಿದ್ದ) ಪ್ಯಾಕರನ್ನ 1154ರಲ್ಲಿ ಕೂರಿಸಿ 1000 ಪಿಎಸ್ಐ ಕೊಟ್ವಿ. ಗೇಜ್ ಮುಳ್ಳು ನಿಲ್ಲಲೇ ಇಲ್ಲ, ಮೆಲ್ಲಗೆ ಇಳೀತಾನೇ ಇತ್ತು. ಪ್ಲಗ್ ತೆಗೆದು ನೋಡಿದ್ರೆ ಅದರ ರಬ್ಬರ್ ಮೇಲೆ ಉದ್ದಕ್ಕೆ ಗೀರು, ಗೀರೊಳಗೆ ಬಿಳೀ ಸ್ಕೇಲ್ (ಕೇಸಿಂಗಿಗೆ ಕಟ್ಟಿದ ಗಟ್ಟಿ ಚಕ್ಕೆ) ಪುಡಿ. ಡ್ರಿಲ್ಲರ್ ಕಾಕಾ ಒಂದ್ ಮಾತೂ ಆಡ್ಲಿಲ್ಲ, ರಬ್ಬರನ್ನ ತಂದು ನನ್ನ ಟೇಬಲ್ ಮೇಲಿಟ್ಟು ಹೋದ್ರು.

ಎರಡನೇ ಸಲ ಪ್ಲಗ್ ಕೂರೋ ಜಾಗದ ಸುತ್ತ ಹತ್ತು ಮೀಟರಲ್ಲಿ ಐದು ಸಲ ಸ್ಕ್ರೇಪರ್ ಮೇಲೆ ಕೆಳಗೆ ಮಾಡಿ, ತೊಳೆದು, ಹೊಸ ರಬ್ಬರಲ್ಲಿ ಕೂರಿಸಿದ್ವಿ, ಹದಿನೈದು ನಿಮಿಷ ಮುಳ್ಳು ಅಲ್ಲಾಡ್ಲಿಲ್ಲ. ಆಮೇಲೆ ಪ್ಲಗ್ ತಲೆ ಮೇಲೆ ಎರಡು ಮೀಟರ್ ಮರಳು, ಐದೂವರೆ ಇಂಚಿನ ಕೇಸಿಂಗಿಗೆ ಸುಮಾರು 40 ಕೆಜಿ. ಮೇಲಿಂದ ಬೀಳೋ ಕಸ ಪ್ಲಗ್ಗನ್ನ ಹಿಡಿದೆತ್ತೋ ತುದಿಗೆ ಮೆತ್ತಿಕೊಂಡ್ರೆ ತೆಗೆಯೋವಾಗ ಟೂಲ್ ಕಚ್ಚಲ್ಲ, ಮರಳಾದ್ರೆ ತೊಳೆದ್ರೆ ಹೋಗುತ್ತೆ.

ನೀರು ಇಳೀತು, ಎಂಟು ತಿಂಗಳು ಮೇಲಿನ ಝೋನ್ ಒಂದೇ ನಡೀತು. ತೆಗೆಯೋ ದಿನ ಮರಳು ತೊಳೆದು, ಟೂಲ್ ಕಚ್ಚಿಸಿ, ಮೇಲೆ ಕೆಳಗಿನ ಪ್ರೆಷರ್ ಸಮ ಮಾಡೋ ಪ್ಲಗ್ಗಿನ ಬೈಪಾಸ್ ದಾರಿ ತೆರೆದ್ವಿ. ಕೆಳಗಿನ ಪ್ರೆಷರ್ ಸಮ ಆಗೋಕೆ ಮುಂಚೆ ಸ್ಲಿಪ್ಸ್ ಬಿಡಿಸಿದ್ರೆ ಪ್ಲಗ್ಗು ಸ್ಟ್ರಿಂಗನ್ನೂ ತಳ್ಕೊಂಡು ಮೇಲೇಳುತ್ತೆ. ನಾನು ಆಗ್ಲೇ ವಾಚ್ ನೋಡ್ತಿದ್ದೆ. ಕಾಕಾ ಬ್ರೇಕ್ ಮೇಲಿಂದ ಕೈ ತೆಗೀದೇನೇ "ಹೋಗಿ ಚಾ ಕುಡ್ಕೊಂಡ್ ಬಾ, ಅಲ್ಲೀವರೆಗೂ ನಾನು ಮುಟ್ಟಲ್ಲ" ಅಂದ್ರು. ಎರಡು ಲೋಟ ಕುಡ್ದೆ.